ಮೂರು ತೋಳಿನ ಕೋಟು

ತಪ್ಪು ಹುಡುಕುವುದೇ ನನ್ನ ಕೆಲಸ. ತಮಾಷೆಗೆ ಹೇಳುತ್ತಿಲ್ಲ, ಸಂಬಳ ಕೊಡುವುದೇ ಅದಕ್ಕೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ನಾನು ಚೆಕ್ಕರ್. ಹೊಲಿದು ಬಂದ ಕೋಟು, ಪ್ಯಾಂಟು, ಏಪ್ರನ್‌ಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿಕೊಂಡು, ಎಲ್ಲಿ ಹೊಲಿಗೆ ಬಿಟ್ಟಿದೆ, ಯಾವ ಕಾಲರ್ ಸೊಟ್ಟಗಿದೆ, ಯಾವ ಗುಂಡಿ ಕತ್ತು ಬಗ್ಗಿಸಿಕೊಂಡಿದೆ ಎಂದು ನೋಡಿ, ತಪ್ಪಿದ್ದಲ್ಲಿ ಒಂದು ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತೇನೆ. ಒಂಬತ್ತು ವರ್ಷದಿಂದ ಇದನ್ನೇ ಮಾಡಿದವಳಿಗೆ ಮನೆಗೆ ಬಂದ ಮೇಲೂ ಕಣ್ಣು ಸುಮ್ಮನಿರುವುದಿಲ್ಲ. ಗಂಡ ಹೊಸ ಅಂಗಿ ತೊಟ್ಟು ಎದುರಿಗೆ ಬಂದು ನಿಂತರೆ, ಚೆನ್ನಾಗಿದೆ ಎನ್ನುವ ಮೊದಲು "ಎಡಗಡೆ ದಾರ ಇಳಿಬಿದ್ದಿದೆ" ಎಂದು ಬಾಯಿಗೆ ಬಂದುಬಿಡುತ್ತದೆ. ಪಾಪ, ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು, ಇಡೀ ದಿನ ಊರಿನವರ ಕಣ್ಣು ಚುರುಕು ಮಾಡಿ ಮನೆಗೆ ಬಂದರೆ ಇಲ್ಲಿ ನನ್ನ ಕಣ್ಣು ಕಾಯುತ್ತಿರುತ್ತದೆ.

ನನ್ನ ಅತ್ತೆಗೂ ಅದೇ ಕಾರ್ಖಾನೆಯಲ್ಲಿ ಕೆಲಸ. ಆದರೆ ಅವರದು ನನ್ನ ಹಾಗೆ ಕೊನೆಯ ಮೇಜಲ್ಲ, ಮೊದಲನೆಯ ಮೇಜು. ಯಾವ ಬಟ್ಟೆಯೇ ಆಗಲಿ, ಅದು ಮೊದಲು ಹುಟ್ಟುವುದು ಅತ್ತೆಯ ಪೆನ್ಸಿಲಿನಲ್ಲಿ. ಹೊಸ ಆರ್ಡರ್ ಬಂತೆಂದರೆ ಒಂದು ಕಂದು ಹಾಳೆಯ ಮೇಲೆ ಸಣ್ಣದಾಗಿ ನಕ್ಷೆ ಬರೆದು, ಹೆಗಲೆಷ್ಟು, ಎದೆಯೆಷ್ಟು, ತೋಳೆಷ್ಟು ಎಂದು ಅಳತೆ ಹಾಕಿ, ತಲೆಯಲ್ಲೊಂದು ತೂತು ಹೊಡೆದು, ಗೋಡೆಯ ಕೊಕ್ಕೆಗೆ ನೇತುಹಾಕುತ್ತಾರೆ. ಅದನ್ನು ನೋಡಿ ಸ್ಯಾಂಪಲ್ ಟೈಲರ್ ಮೊದಲ ಉಡುಪು ಹೊಲಿಯುತ್ತಾನೆ. ಅದು ಒಪ್ಪಿಗೆಯಾದರೆ ಆಮೇಲೆ ಸಾವಿರ, ಎರಡು ಸಾವಿರ. ಕಾರ್ಖಾನೆಯವರೆಲ್ಲ ಅವರನ್ನು ಮಾಸ್ಟರಮ್ಮ ಎನ್ನುತ್ತಾರೆ. ಮೂವತ್ತು ವರ್ಷದಲ್ಲಿ ಅವರ ನಕ್ಷೆಯಲ್ಲಿ ತಪ್ಪು ಸಿಕ್ಕಿಲ್ಲ ಎಂದು ಮ್ಯಾನೇಜರ್ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ನನಗೂ ಸಿಕ್ಕಿಲ್ಲ. ಹುಡುಕಿಲ್ಲ ಎಂದುಕೊಳ್ಳಬೇಡಿ.

ನನ್ನನ್ನು ಮಗನಿಗೆ ಆರಿಸಿದವರೂ ಅವರೇ. "ಆ ಚೆಕ್ಕಿಂಗ್ ಹುಡುಗಿಗೆ ಕಣ್ಣು ಚುರುಕು. ನಾಲಿಗೆ ಅದಕ್ಕಿಂತ ಚುರುಕು. ನೀನು ಸುಧಾರಿಸ್ತೀಯ ಅಂದ್ರೆ ಮಾತಾಡ್ತೀನಿ" ಎಂದಿದ್ದರಂತೆ. ಮಗ ಸುಧಾರಿಸಿಕೊಂಡು ಎಂಟು ವರ್ಷವಾಯಿತು.

ಮದುವೆಯಾದ ಹೊಸದರಲ್ಲಿ ನಾನು ಗಮನಿಸಿದ್ದೇನೆಂದರೆ, ಅತ್ತೆ ಸಂಜೆ ಮನೆಗೆ ಬಂದು ಚಹಾ ಕುಡಿದು, ಅಡುಗೆಮನೆಯ ಮೇಜಿನ ಮೇಲೆ ಮತ್ತೆ ನಕ್ಷೆ ಬರೆಯಲು ಕೂರುತ್ತಿದ್ದರು. ಅದೇ ಕಂದು ಹಾಳೆ, ಅದೇ ಸ್ಕೇಲು. ಹಾಳೆಗಳಿಗೆಲ್ಲ ತೂತು ಹೊಡೆದು, ಹಳೆಯ ಬೂಟಿನ ಲೇಸಿನಿಂದ ಕಟ್ಟಿ ಪುಸ್ತಕ ಮಾಡಿಕೊಂಡು ಫ್ರಿಜ್ಜಿನ ಮೇಲೆ ಇಡುತ್ತಿದ್ದರು. ಕಾರ್ಖಾನೆಯವರು ಮನೆಗೂ ಕೆಲಸ ಹೊರಿಸುತ್ತಿದ್ದಾರೆ ಎಂದುಕೊಂಡು ನನಗೆ ಮೈಯೆಲ್ಲ ಉರಿಯಿತು. "ಅತ್ತೆ, ನಾನು ಹೋಗಿ ಮ್ಯಾನೇಜರ್ ಹತ್ರ ಮಾತಾಡ್ಲಾ?" ಎಂದೆ. ಅವರು ಪುಸ್ತಕ ಮುಚ್ಚಿ, "ಬೇಡ ಕಣಮ್ಮ, ಇದು ಮ್ಯಾನೇಜರ್‌ಗೆ ಅರ್ಥ ಆಗೋದಲ್ಲ" ಎಂದರು. ಅಷ್ಟೇ. ಆಮೇಲೆ ಐದು ವರ್ಷ ಅದರೊಳಗೆ ಏನಿದೆ ಎಂದು ನನಗೆ ಗೊತ್ತಾಗಲಿಲ್ಲ.

ಆರನೆಯ ವರ್ಷ ಒಂದು ಭಾನುವಾರ, ಏನು ಮನಸ್ಸಿಗೆ ಬಂತೋ, ಒಂದು ಹಾಳೆ ಬಿಚ್ಚಿ ನನ್ನ ಮುಂದಿಟ್ಟರು. ಮೋಡಕ್ಕೆ ಜಾಕೆಟ್ಟು! ಹೌದು, ಆಕಾಶದ ಮೋಡಕ್ಕೆ. ಕೆಳಗಿನ ಅಂಚಿಗೆ ಸಾಲಾಗಿ ನಲವತ್ತು ಗುಂಡಿ. ಬಿಚ್ಚಿದರೆ ಮಳೆ, ಹಾಕಿದರೆ ಬಿಸಿಲು. ಹೆಗಲಿನ ಅಳತೆಯ ಜಾಗದಲ್ಲಿ "ದಿನಕ್ಕೊಂದು" ಎಂದು ಬರೆದಿತ್ತು. ಮುಂದಿನ ಭಾನುವಾರ ಮೀನಿಗೊಂದು ರೇನ್‌ಕೋಟು. ನೀರು ಒಳಗೆ ಬರದಿರಲಿ ಎಂದಲ್ಲ, ಹೊರಗೆ ಹೋಗದಿರಲಿ ಎಂದು. ಅದರ ಮುಂದಿನ ವಾರ ಮೆಟ್ಟಿಲಿಗೆ ಪ್ಯಾಂಟು. ಹದಿನಾಲ್ಕು ಮೆಟ್ಟಿಲಿಗೆ ಹದಿನಾಲ್ಕು ಮೊಣಕಾಲು, ಮಕ್ಕಳು ಓಡಾಡಿ ಸವೆಯುವ ನಾಲ್ಕಕ್ಕೆ ಮೊದಲೇ ತೇಪೆ. ಈ ಲೋಕದಲ್ಲೇ ಇಲ್ಲದ ಗಿರಾಕಿಗಳು, ಆದರೆ ನಕ್ಷೆಯಲ್ಲಿ ಎಳ್ಳಷ್ಟೂ ಹುಡುಗಾಟ ಇಲ್ಲ. ನೂಲು ಯಾವ ಕಡೆ ಓಡಬೇಕು ಎನ್ನುವ ಗೆರೆ, ಹೊಲಿಗೆಗೆ ಬಿಟ್ಟ ಅರ್ಧ ಇಂಚು, ಎಲ್ಲ ಇತ್ತು. ಯಾರಾದರೂ ಬಟ್ಟೆ ತಂದು ಕೊಟ್ಟರೆ ಹೊಲಿದೇಬಿಡಬಹುದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಅರ್ಧ ಗಂಟೆ ನೋಡುತ್ತಲೇ ಇದ್ದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

ಅಂದಿನಿಂದ ಭಾನುವಾರಕ್ಕೊಂದು ಹಾಳೆ ಎನ್ನುವುದು ನಮ್ಮಿಬ್ಬರ ನಡುವಿನ ರೂಢಿಯಾಯಿತು. ತಮ್ಮ ಮಗನಿಗೂ ತೋರಿಸುತ್ತಿರಲಿಲ್ಲ, ಅವನು "ಚೆನ್ನಾಗಿದೆಯಮ್ಮ" ಎಂದು ಪೇಪರ್ ಓದಲು ಹೋಗುತ್ತಾನೆ ಎಂದು. ನನಗೆ ಮಾತ್ರ. ಅದೂ ಪೂರ್ತಿ ಮುಗಿದ ಹಾಳೆ ಮಾತ್ರ. ಅರ್ಧ ಬರೆದಿದ್ದನ್ನು ಕೇಳಿದರೆ ಮುಖ ಬಿಗಿಯುತ್ತಿತ್ತು. "ಅರ್ಧ ಹೊಲಿದ ಕೋಟನ್ನ ಗಿರಾಕಿಗೆ ತೋರಿಸ್ತಾರೇನೇ? ನೋಡಿದೋರು ಅದನ್ನೇ ಪೂರ್ತಿ ಅಂದ್ಕೊಂಡು ಎದ್ದು ಹೋಗ್ತಾರೆ." ವಾರದ ಆರು ದಿನ ನನಗೆ ಆ ಅತ್ತೆಯ ಮೇಲೆ ಒಂದಲ್ಲ ಒಂದು ಸಿಟ್ಟು ಇದ್ದೇ ಇರುತ್ತಿತ್ತು, ಏಳನೆಯ ದಿನದ ಆ ಒಂದು ಹಾಳೆಗಾಗಿ ಆರನ್ನೂ ಮರೆಯುತ್ತಿದ್ದೆ. ಅದಕ್ಕಿಂತ ಒಳ್ಳೆಯದು ನನ್ನ ವಾರದಲ್ಲಿ ಇನ್ನೇನೂ ಇರಲಿಲ್ಲ.

ಇಷ್ಟೆಲ್ಲ ಇದ್ದೂ ನಾನು ಮಾಡಿದ ಕೆಲಸ ಕೇಳಿ.

ನನ್ನ ಪಕ್ಕದ ಮೇಜಿನಲ್ಲಿ ಗುಂಡಿ ಹಚ್ಚುವವಳನ್ನು ಗುಂಡಿಯಕ್ಕ ಎನ್ನುತ್ತೇವೆ. ಚಹಾದ ಹೊತ್ತಿಗೆ ಅವಳ ಹತ್ತಿರ ನಾನು ಅತ್ತೆಯ ಮೋಡ, ಮೀನು, ಮೆಟ್ಟಿಲುಗಳ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದೆ. ಅವಳು ನಂಬಲಿಲ್ಲ. "ಮಾಸ್ಟರಮ್ಮನಾ? ಒಂದು ದಿನ ನಕ್ಕಿದ್ದು ನೋಡಿಲ್ಲ ನಾನು. ಸುಮ್ನೆ ಬುರುಡೆ ಬಿಡಬೇಡ" ಎಂದಳು. ನನಗೆ ಬುರುಡೆ ಎಂದರೆ ಸಾಕು, ತಲೆ ನಿಲ್ಲುವುದಿಲ್ಲ. ಮಾರನೆಯ ದಿನ ಮಂಗಳವಾರ, ಅತ್ತೆ ಸ್ನಾನಕ್ಕೆ ಹೋದಾಗ ಫ್ರಿಜ್ಜಿನ ಮೇಲಿನ ಪುಸ್ತಕ ಕೆಳಗಿಳಿಸಿದೆ. ಲೇಸು ಬಿಚ್ಚಲು ಸಮಯವಿರಲಿಲ್ಲ. ಮೇಲುಗಡೆ ಕಟ್ಟದೆ ಸಿಕ್ಕಿಸಿಟ್ಟಿದ್ದ ಒಂದು ಹಾಳೆ ಕಂಡಿತು, ಎಳೆದು ಮಡಚದೆ ಬ್ಯಾಗಿನಲ್ಲಿ ಹಾಕಿಕೊಂಡೆ. ಸಂಜೆ ಅವರಿಗಿಂತ ಮೊದಲು ಬಂದು ವಾಪಸು ಇಟ್ಟರಾಯಿತು ಎಂದು ಲೆಕ್ಕ.

ಹತ್ತು ಗಂಟೆಯ ಚಹಾಕ್ಕೆ, ಅತ್ತೆ ನಕ್ಷೆ ಬರೆಯುವ ಕೋಣೆಯ ಹೊರಗಿನ ಓಣಿಯಲ್ಲಿ ಗುಂಡಿಯಕ್ಕನಿಗೆ ಹಾಳೆ ತೋರಿಸಿದೆ. ನಾನೂ ಆಗಲೇ ಸರಿಯಾಗಿ ನೋಡಿದ್ದು. ಒಂದು ಕೋಟು, ಎರಡು ಕತ್ತು, ಮೂರು ತೋಳು. ಮೇಲೆ ಅತ್ತೆಯ ದುಂಡು ಅಕ್ಷರದಲ್ಲಿ "ಮಾತು ಬಿಟ್ಟಿರುವ ಇಬ್ಬರಿಗೆ" ಎಂದು ಬರೆದಿತ್ತು. ಎಡಗಡೆಯವರಿಗೆ ಎಡ ತೋಳು ಸ್ವಂತದ್ದು, ಬಲಗಡೆಯವರಿಗೆ ಬಲ ತೋಳು ಸ್ವಂತದ್ದು, ನಡುವಿನದು ಇಬ್ಬರಿಗೂ ಸೇರಿ ಒಂದೇ. ಆ ನಡುವಿನ ತೋಳು ಕೋಟಿಗೆ ಸೇರುವ ಜಾಗದಲ್ಲಿ ಮಾತ್ರ ಏನೂ ಬರೆದಿರಲಿಲ್ಲ. ಪೆನ್ಸಿಲ್ ಗೆರೆ ಅಲ್ಲಿಗೆ ಬಂದು ನಿಂತುಬಿಟ್ಟಿತ್ತು. ಗುಂಡಿಯಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. "ನಿಮ್ಮತ್ತೆ ತಲೇಲಿ ಇದೆಲ್ಲ ಇದ್ಯೇನೇ!" ಎಂದಳು. ನನಗೆ ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಮ್ಯಾನೇಜರ್ ಮತ್ತು ಅವರ ಜೊತೆ ಅತ್ತೆ! ಕೈಯಲ್ಲಿ ಹಾಳೆ, ಎಲ್ಲಿ ಬಚ್ಚಿಡಲಿ? ಗೋಡೆಯ ಮೇಲೆ ಕೊಕ್ಕೆಗಳ ಸಾಲು ಕಣ್ಣಿಗೆ ಬಿತ್ತು. ಅತ್ತೆಯ ಹಾಳೆಗಳೇ ನೇತಾಡುತ್ತಿದ್ದವು. ತೂತಂತೂ ಇದ್ದೇ ಇತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೇತುಹಾಕಿ, ಬೆಲ್ ಹೊಡೆಯಿತೆಂದು ಓಡಿದೆ. ಮಧ್ಯಾಹ್ನ ಬಂದು ತೆಗೆದುಕೊಂಡರಾಯಿತು ಎಂದುಕೊಂಡೆ. ಮಧ್ಯಾಹ್ನ ನರ್ಸುಗಳ ನಾನೂರು ಏಪ್ರನ್ ಒಟ್ಟಿಗೆ ವಾಪಸು ಬಂದವು. ಉಸಿರಾಡಲು ಪುರಸೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ಹೋಗಿ ನೋಡಿದರೆ ಕೊಕ್ಕೆ ಖಾಲಿ.

ಅದು ಮೂರನೆಯ ಕೊಕ್ಕೆ, ಸ್ಯಾಂಪಲ್ ಟೈಲರನದು. ಆತನನ್ನು ಎಲ್ಲರೂ ಸೂಜಿಯಣ್ಣ ಎನ್ನುತ್ತಾರೆ. ಒಳಗಿನಿಂದ ಚಿಲಕ ಹಾಕಿಕೊಂಡು ಹೊಲಿಯುವ ಮನುಷ್ಯ. ಬಾಗಿಲು ಬಡಿದು, "ಅಣ್ಣಾ, ಕೊಕ್ಕೆ ಮೇಲೆ ಒಂದು ಹಾಳೆ ಇತ್ತು…" ಎಂದೆ. ಮೆಷಿನ್ ನಿಲ್ಲಿಸದೆಯೇ, "ಮಾಸ್ಟರಮ್ಮನ ಹಾಳೆ ಎಲ್ಲಾ ಒಳಗಿದೆ. ನಾಳೆ ಹೋಟೆಲ್‌ನೋರು ಬರ್ತಾರೆ, ತಲೆ ತಿನ್ನಬೇಡ, ಹೋಗಮ್ಮ" ಎಂದ. ಮೂರು ತೋಳು ನೋಡಿದ ಯಾವ ಟೈಲರಾದರೂ ಅದನ್ನು ಪಕ್ಕಕ್ಕೆ ಇಟ್ಟಿರುತ್ತಾನೆ, ನಾಳೆ ಕೇಳಿ ಪಡೆದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸೂಜಿಯಣ್ಣ ಇಪ್ಪತ್ತು ವರ್ಷದ ಹಿಂದೆ ಒಮ್ಮೆ ಮಾತ್ರ ಅತ್ತೆಯ ನಕ್ಷೆಯನ್ನು ಪ್ರಶ್ನಿಸಿದ್ದನಂತೆ. ಅವನದೇ ತಪ್ಪಾಗಿತ್ತು. ಅಂದಿನಿಂದ ಮಾಸ್ಟರಮ್ಮನ ಕೈಬರಹವಿದ್ದ ಹಾಳೆ ಮೂರನೆಯ ಕೊಕ್ಕೆಗೆ ಬಿದ್ದರೆ, ಏಕೆ ಏನು ಎಂದು ಕೇಳದೆ ಹೊಲಿಯುವುದು ಅವನ ನೇಮ. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಈ ವಿಷಯ ಅವತ್ತು ನನ್ನ ತಲೆಗೇ ಬರಲಿಲ್ಲ.

ಸಂಜೆ ಅತ್ತೆ ಪುಸ್ತಕ ತೆರೆದರು. ಒಂದು ಸಲ ಹಿಂದೆ ಮುಂದೆ ತಿರುವಿದರು. "ಮೇಲೊಂದು ಹಾಳೆ ಇಟ್ಟಿದ್ದೆ, ನೋಡಿದ್ಯಾ?"

ಆಗ ಹೇಳಿಬಿಡಬೇಕಿತ್ತು. ಬಾಯಿ ತೆರೆದರೆ ಬಂದ ಮಾತು ಬೇರೆ. "ಇಲ್ಲತ್ತೆ."

"ಗಾಳಿಗೆ ಹಾರಿರಬೇಕು" ಎನ್ನುತ್ತ ಅವರು ಮಂಡಿಯೂರಿ, ಟಾರ್ಚ್ ಹಿಡಿದು ಫ್ರಿಜ್ಜಿನ ಕೆಳಗೆ ಹುಡುಕಿದರು. ನನ್ನಂಥ ಭಂಡ ಧೈರ್ಯದವಳು ಇನ್ನೊಬ್ಬಳಿಲ್ಲ ನೋಡಿ, ನಾನೂ ಅವರ ಪಕ್ಕ ಮಂಡಿಯೂರಿ ಹುಡುಕಿದೆ. ಗಂಡ ಬಂದು ಫ್ರಿಜ್ಜನ್ನೇ ಎತ್ತಿ ಹಿಡಿದರು. ಕಳೆದುಹೋಗಿದ್ದ ಎರಡು ಚಮಚ, ಒಂದು ಚೆಂಡು ಸಿಕ್ಕಿದವು. ಎಲ್ಲರೂ ಸಂತೋಷಪಟ್ಟೆವು.

ಬುಧವಾರ ಹತ್ತೂವರೆಗೆ ಹೋಟೆಲಿನವರು ಬಂದರು. ಬಾಗಿಲಲ್ಲಿ ನಿಂತು ಸಲಾಮು ಹೊಡೆಯುವವರಿಗೆ ನೀಲಿ ಕೋಟು ಬೇಕಿತ್ತು ಅವರಿಗೆ. ಒಬ್ಬ ಉದ್ದನೆಯ ಮನುಷ್ಯ, ಜೊತೆಗೆ ನೌಕರರ ಬಟ್ಟೆಬರೆ ನೋಡಿಕೊಳ್ಳುವ ಒಬ್ಬ ದಪ್ಪ ಹೆಂಗಸು. ಸ್ಯಾಂಪಲ್ ಒಪ್ಪಿಗೆಯ ಹೊತ್ತಿಗೆ ಚೆಕ್ಕರ್ ಒಬ್ಬಳು ಇರಬೇಕು ಎನ್ನುವುದು ಅಲ್ಲಿಯ ನಿಯಮ. ಹಾಗಾಗಿ ಮ್ಯಾನೇಜರ್, ಅತ್ತೆ, ಹೋಟೆಲಿನವರು, ಹಿಂದೆ ನಾನು. ಸೂಜಿಯಣ್ಣ ಚಿಲಕ ತೆಗೆದ.

ಒಂದು ಬೊಂಬೆಯ ಮೇಲೆ ಬಾಗಿಲು ಕಾಯುವವನ ಕೋಟು, ಒಪ್ಪವಾಗಿ ನಿಂತಿತ್ತು. ಅದರ ಪಕ್ಕ ಎರಡು ಬೊಂಬೆಗಳನ್ನು ಹಗ್ಗದಿಂದ ಬಿಗಿದು ಕಟ್ಟಿ, ಅವುಗಳ ಮೇಲೆ ಅದೇ ನೀಲಿ ಬಟ್ಟೆಯ ಇನ್ನೊಂದು ಕೋಟು. ಎರಡು ಕತ್ತು. ಮೂರು ತೋಳು. ಹದಿನಾರು ಹಿತ್ತಾಳೆ ಗುಂಡಿ ಥಳಥಳ.

ಮ್ಯಾನೇಜರ್ ಮುಖ ಆ ಬಟ್ಟೆಯ ಬಣ್ಣಕ್ಕೇ ತಿರುಗಿತು. "ಇದೇನ್ರೀ ಇದು?" ಎಂದರು.

"ಎರಡನೇ ಮಾದರಿ ಸಾರ್" ಎಂದ ಸೂಜಿಯಣ್ಣ, ಇದರಲ್ಲೇನು ವಿಶೇಷ ಎನ್ನುವ ಹಾಗೆ. "ಮಾಸ್ಟರಮ್ಮ ಕೊಟ್ಟಿದ್ದು."

ಅತ್ತೆ ಕೋಟನ್ನು ನೋಡಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ಒಂದೇ ಸಲ. ಆ ನೋಟಕ್ಕಿಂತ ಅವರು ಅಲ್ಲೇ ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಮೇಲೆ ಮ್ಯಾನೇಜರಿಗೆ, "ಹೌದು, ನನ್ನದೇ. ಇನ್ನೂ ಮುಗಿದಿಲ್ಲ" ಎಂದರು.

"ಯಾರಿಗಮ್ಮ ಇದು?" ಎಂದರು ಹೋಟೆಲಿನ ಹೆಂಗಸು.

ಅತ್ತೆ ಗಂಟಲು ಸರಿಮಾಡಿಕೊಂಡರು. ನನ್ನೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಇಂಥ ಮಾತು ಹೇಳಿ ಅಭ್ಯಾಸವೇ ಇರಲಿಲ್ಲ ಅವರಿಗೆ. "ಮಾತು ಬಿಟ್ಟಿರೋ ಇಬ್ಬರಿಗೆ. ಮನೇಲಿ ಇರೋದು ಒಂದೇ ಕೋಟು, ಹೊರಗೆ ಚಳಿ, ಇಬ್ಬರೂ ಹೋಗಲೇಬೇಕು. ಅಂಥೋರಿಗೆ."

ಆಮೇಲೆ ಆ ಹೆಂಗಸು ನಗತೊಡಗಿದರು ನೋಡಿ, ಇಡೀ ಕೋಣೆಯೇ ಅಲುಗಿತು. "ನನಗೂ ನಮ್ಮ ಅಡುಗೆಯವನಿಗೂ ಒಂದು ಬೇಕಲ್ರೀ! ಮೂರು ತಿಂಗಳಾಯ್ತು ಮಾತಾಡಿ" ಎಂದರು. ಉದ್ದನೆಯ ಮನುಷ್ಯ ಆಗಲೇ ತನ್ನ ಕೋಟು ಕಳಚಿದ್ದ. "ಹಾಕ್ಕೊಂಡು ನೋಡ್ಬಹುದಾ?" ಜೊತೆಗೆ ಯಾರು? ಗಿರಾಕಿಯ ಮನಸ್ಸು ನೋಯಿಸಬಾರದಲ್ಲ, ಮ್ಯಾನೇಜರ್ ಇನ್ನೊಂದು ಕತ್ತಿನಲ್ಲಿ ತಲೆ ತೂರಿಸಿದರು. ನಡುವಿನ ತೋಳಿನೊಳಗೆ ಇಬ್ಬರೂ ಒಂದೊಂದು ಕೈ ಇಳಿಬಿಟ್ಟರು. ಒಳಗೆ ಕೈಗೆ ಕೈ ತಾಗಿದ್ದೇ ಇಬ್ಬರೂ "ಸಾರಿ, ಸಾರಿ" ಎಂದರು. ನಾಲ್ಕು ಹೆಜ್ಜೆ ನಡೆದು ಬಾಗಿಲಿಗೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡರು. ಒಬ್ಬರು ಓಣಿಯ ಕಡೆ, ಒಬ್ಬರು ಕೋಣೆಯ ಕಡೆ, ನಡುವೆ ಚೌಕಟ್ಟು. ಓಣಿಯಲ್ಲಿ ಗುಂಡಿಯಕ್ಕನೂ ಸೇರಿ ಅರ್ಧ ಕಾರ್ಖಾನೆ ನಿಂತು ನೋಡುತ್ತಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಣ್ಣೆತ್ತಿ ನೋಡಿದರೆ ಅತ್ತೆ! ಮಾಸ್ಟರಮ್ಮ! ಗೋಡೆಗೆ ಒರಗಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಗುತ್ತಿದ್ದರು.

ನೀಲಿ ಕೋಟಿನ ಆರ್ಡರ್ ಆಯಿತು, ಒಂದೇ ಕತ್ತಿನದು. ಹೋಟೆಲಿನವರು ಹೋದ ಮೇಲೆ ಅತ್ತೆ ಆ ಕೋಟಿನ ಹತ್ತಿರ ಹೋಗಿ ನಡುವಿನ ತೋಳನ್ನು ಎತ್ತಿ ನೋಡಿದರು. ಅದು ಕೋಟಿಗೆ ಸೇರುವಲ್ಲಿ ಮೆಷಿನ್ ಹೊಲಿಗೆ ಇರಲಿಲ್ಲ. ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ, ಕೈಯಲ್ಲಿ ಹಾಕಿದ್ದು, ಎಳೆದರೆ ಬಿಚ್ಚಿ ಬರುವಂಥದ್ದು.

"ಇಲ್ಲಿ ನೀವು ಏನೂ ಬರೆದಿರಲಿಲ್ಲ ಮಾಸ್ಟರಮ್ಮ" ಎಂದ ಸೂಜಿಯಣ್ಣ. "ನೀವು ಇನ್ನೂ ಯೋಚ್ನೆ ಮಾಡ್ತಿದ್ದೀರಿ ಅಂತ ಗೊತ್ತಾಯ್ತು. ಅದಕ್ಕೆ ಹಾಗೇ ನಿಲ್ಲಿಸಿ ಬಿಟ್ಟಿದ್ದೀನಿ."

ಅತ್ತೆ ಆ ಬಿಳಿ ದಾರವನ್ನು ಬೆರಳಿನಲ್ಲಿ ಸವರುತ್ತ ಬಹಳ ಹೊತ್ತು ನಿಂತರು. "ತೋಳಿನ ಬಾಯಿ ಎರಡಿಂಚು ದೊಡ್ಡದಾಗ್ಬೇಕು" ಎಂದರು. "ನಾನೂ ಹಾಗೇ ಅಂದ್ಕೊಂಡೆ" ಎಂದ ಅವನು. ನನ್ನ ಕಡೆ ಇಬ್ಬರೂ ನೋಡಲಿಲ್ಲ.

ಕಾರ್ಖಾನೆಗೆಲ್ಲ ನಗುವೇ ನಗು, ನನಗೆ ಮಾತ್ರ ಅದರಲ್ಲಿ ಪಾಲಿರಲಿಲ್ಲ. ಅತ್ತೆ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. "ಉಪ್ಪು ಕೊಡು", "ಬಾಗಿಲು ಹಾಕು", ಇಷ್ಟೇ. ಫ್ರಿಜ್ಜಿನ ಮೇಲೆ ಪುಸ್ತಕ ಇರಲಿಲ್ಲ. ಅವರ ಕೋಣೆಯ ಬೀರು ಸೇರಿ ಬೀಗ ಬಿದ್ದಿತ್ತು. ಶುಕ್ರವಾರ ಓಣಿಯಲ್ಲಿ ಹೋಗುವಾಗ ಮೂರನೆಯ ಕೊಕ್ಕೆಯ ಮೇಲೆ ಒಂದು ಹಾಳೆ ಕಂಡಿತು. ಅದರಲ್ಲಿ ಕುರ್ಚಿಯೊಂದು ಕಾಲು ಚಾಚಿ ಮಲಗಿತ್ತು, ಅದಕ್ಕೆ ಅರ್ಧ ಬರೆದ ಪೈಜಾಮ. ಅತ್ತೆ ತಾವೇ ತಂದು ಸೂಜಿಯಣ್ಣನಿಗೆ ಹಾಕಿದ್ದರು. ಅರ್ಧದ್ದು! ನಾನು ಮೂರು ವರ್ಷ ಕೇಳಿ ಕೇಳಿ ಸೋತಿದ್ದು! ಹೊಟ್ಟೆಕಿಚ್ಚಿನಿಂದ ಅವತ್ತು ಏನೂ ತಪ್ಪಿಲ್ಲದ ಆರು ಕೋಟುಗಳಿಗೆ ಕೆಂಪು ಚೀಟಿ ಅಂಟಿಸಿದೆ.

"ಹೋಗಿ ತಪ್ಪಾಯ್ತು ಅನ್ನು, ಅಮ್ಮ ಏನು ನುಂಗಿಬಿಡ್ತಾಳಾ?" ಎಂದರು ಗಂಡ. ಬೇರೆಯವರ ತಪ್ಪು ದಿನಕ್ಕೆ ಮುನ್ನೂರು ಹುಡುಕುವವಳಿಗೆ ತನ್ನದೊಂದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಎಂದು ಅವರಿಗೇನು ಗೊತ್ತು. ಆ ವಾರವೆಲ್ಲ ಅತ್ತೆ ಕೋಣೆಗೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಭಾನುವಾರ ಬಂತು. ಚಹಾ ಆಯಿತು. ಹಾಳೆ ಬರಲಿಲ್ಲ. ಅತ್ತೆ ಕಿಟಕಿಯ ಹತ್ತಿರ ಕೂತು ಕಾಲುಚೀಲಕ್ಕೆ ತೇಪೆ ಹಾಕುತ್ತಿದ್ದರು. ಇನ್ನು ಮುಂದೆ ಎಲ್ಲ ಭಾನುವಾರವೂ ಹೀಗೇ ಇರುತ್ತದೆ ಎಂದು ಯೋಚಿಸಿದ್ದೇ ನನಗೆ ತಡೆಯಲಾಗಲಿಲ್ಲ. ಎದುರಿಗೆ ಹೋಗಿ ನಿಂತೆ.

"ಅತ್ತೆ, ನಾನು ಕದ್ದೆ. ನಿಮ್ಮ ಬಗ್ಗೆ ಕೊಚ್ಚಿಕೊಳ್ಳೋಕೆ ಕದ್ದೆ. ತಪ್ಪಾಯ್ತು."

ಅವರು ಸೂಜಿ ನಿಲ್ಲಿಸಲಿಲ್ಲ. "ತಗೊಂಡಿದ್ದಕ್ಕಲ್ಲ ಕಣೇ. ಜನ ನೋಡಿದ್ರು, ನಕ್ಕರು, ನನಗೂ ಖುಷಿಯಾಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಕೇಳಿದಾಗ ಇಲ್ಲ ಅಂದ್ಯಲ್ಲ. ಅದೂ ಸಾಲದು ಅಂತ ನನ್ನ ಪಕ್ಕ ಮಂಡಿಯೂರಿ ಫ್ರಿಜ್ ಕೆಳಗೆ ಬೇರೆ ನೋಡಿದೆ! ನನ್ನ ಮಂಡಿ ಇನ್ನೂ ನೋಯ್ತಿದೆ."

"ನಂದೂ" ಎಂದೆ.

ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು. ಕಾಲುಚೀಲ ಬದಿಗಿಟ್ಟು ಎದ್ದು ಹೋದರು. ಬೀರು ತೆರೆಯುವ ಸದ್ದು ಕೇಳಿತು. ಪುಸ್ತಕ ತಂದು ಮೇಜಿನ ಮೇಲೆ, ನನ್ನ ಮುಂದೆ, ಇಡಿಯಾಗಿ ಇಟ್ಟರು. "ಹಿಂದಿನಿಂದ ತೆಗಿ" ಎಂದರು.

ಹಿಂಭಾಗವೆಲ್ಲ ಮುಗಿಯದ ಹಾಳೆಗಳು. ಗಾಳಿಗೆ ಟೋಪಿ, ಒಂದು ಕಿವಿ ಮಾತ್ರ ಆಗಿತ್ತು. ಬಾವಿಗೆ ಕಾಲುಚೀಲ, ಹಿಮ್ಮಡಿ ಎಲ್ಲಿ ಎಂದು ಗೊತ್ತಾಗದೆ ನಿಂತಿತ್ತು. ಸೂಜಿಯಣ್ಣ ಏನು ಹೇಳುತ್ತಾನೆ ನೋಡೋಣ ಎಂದು ಇವನ್ನೂ ಒಂದೊಂದಾಗಿ ಕೊಕ್ಕೆಗೆ ಹಾಕಬೇಕೆಂದಿದ್ದೇನೆ ಎಂದರು ಅತ್ತೆ. ನಾನು ತಿರುವುತ್ತ ಹೋದೆ. ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಹಳೆಯದಾಗಿ, ಅಳಿಸಿ ಅಳಿಸಿ ಬಟ್ಟೆಯಂತೆ ಮೆತ್ತಗಾಗಿದ್ದ ಒಂದು ಹಾಳೆ. ಮೇಲೆ "ಸೊಸೆಗೆ" ಎಂದಿತ್ತು. ಮೂಲೆಯಲ್ಲಿ ನಮ್ಮ ಮದುವೆಯಾದ ವಾರದ ತಾರೀಖು.

ಉದ್ದನೆಯ ಕೋಟು. ಮೈತುಂಬ ಜೇಬು. ಒಂದೊಂದಕ್ಕೂ ಹೆಸರು: ಬೆಳಗಿನ ಸಿಟ್ಟು, ಸಂಜೆಯ ಸಿಟ್ಟು, ಕಾರಣವಿಲ್ಲದ ಸಿಟ್ಟು. ಎದೆಯ ಹತ್ತಿರ ಉಗುರಿನಷ್ಟು ಒಂದು ಜೇಬು, "ಆಡದೆ ನುಂಗಿದ ಮಾತು."

"ಇದ್ಯಾಕತ್ತೆ ಇಷ್ಟು ಚಿಕ್ಕದು?"

"ನೀನು ನುಂಗೋದೇ ಅಷ್ಟು."

ನಗು ಬಂತು. ನಗುತ್ತಲೇ ಇನ್ನೊಂದು ಕಂಡಿತು. ಕೋಟಿನ ಒಳಗಡೆ, ಗೆರೆಯ ಮೇಲೆ ಗೆರೆ ಎಳೆದು, ಮೂರು ಪದರದ ದಪ್ಪ ಅಸ್ತರು. ಅದರ ಪಕ್ಕ ಬೇರೊಂದು ತಾರೀಖು. ಅದು ನನ್ನ ಅಮ್ಮ ತೀರಿಕೊಂಡ ತಿಂಗಳು.

ಆ ತಿಂಗಳು ಅತ್ತೆ ನನಗೆ ಒಂದು ಸಮಾಧಾನದ ಮಾತೂ ಹೇಳಿರಲಿಲ್ಲ. ದಿನಾ ನನ್ನ ಸಮವಸ್ತ್ರ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಡುತ್ತಿದ್ದರು, ಅಷ್ಟೇ. ಎಂಥ ಕಲ್ಲು ಮನಸ್ಸಿನವರು ಎಂದು ನಾನು ಎಷ್ಟೋ ದಿನ ಗಂಡನ ಹತ್ತಿರ ದೂರಿದ್ದೆ. ಈಗ ಆ ಅಸ್ತರಿನ ಮೇಲೆ ಕೈಯಿಟ್ಟುಕೊಂಡು ಕೂತೆ.

"ಒಳಗೆ ಬೆಚ್ಚಗಿರ್ಲಿ ಅಂತ" ಎಂದರು ಅತ್ತೆ, ಕಿಟಕಿಯ ಕಡೆ ನೋಡುತ್ತ.

ಏನಾದರೂ ಹೇಳಬೇಕಿತ್ತು. ನನಗೆ ಗೊತ್ತಿರುವುದು ಒಂದೇ ಕೆಲಸ, ಅದನ್ನೇ ಮಾಡಿದೆ. "ಬೆನ್ನೇ ಇಲ್ವಲ್ಲ ಅತ್ತೆ ಇದಕ್ಕೆ" ಎಂದೆ. ನಿಜ, ಮುಂಭಾಗ, ತೋಳು, ಕಾಲರು, ಎಲ್ಲ ಇದ್ದವು. ಹಿಂಭಾಗದ ಜಾಗ ಬೋಳಾಗಿತ್ತು.

"ನಿನ್ನ ಬೆನ್ನು ನಾನು ನೋಡಿದ್ದೇ ಎಲ್ಲಿ? ಎಂಟು ವರ್ಷವೂ ಎದುರಿಗೇ ನಿಂತು ಜಗಳ ಆಡ್ದೆ. ಈ ವಾರವೇ ಮೊದಲು, ನನ್ನ ಕಂಡ ತಕ್ಷಣ ಬೆನ್ನು ತಿರುಗಿಸಿ ಹೋಗ್ತಿದ್ದೆಯಲ್ಲ." "ಅದು ನನಗೆ ಸೇರಲಿಲ್ಲ ಕಣೇ" ಎಂದರು. ಆಮೇಲೆ ಕತ್ತಿಗೆ ಅಳತೆ ಟೇಪು ಹಾಕಿಕೊಂಡು ಎದ್ದರು. "ಇವತ್ತೊಂದು ದಿನ ತಿರುಗಿ ನಿಲ್ಲು. ಬರೆದು ಮುಗಿಸ್ತೀನಿ."

ಗೋಡೆಯ ಕಡೆ ಮುಖ ಮಾಡಿ ನಿಂತೆ. ಅವರು ಟೇಪಿನ ತುದಿಯನ್ನು ನನ್ನ ಕತ್ತಿನ ಬುಡಕ್ಕೆ ಒತ್ತಿ ಹಿಡಿದು ಕೆಳಗೆ ಎಳೆದರು. ಆಮೇಲೆ ಈ ಹೆಗಲಿನಿಂದ ಆ ಹೆಗಲಿಗೆ. ಅವರ ಬೆರಳುಗಳು ಬೆಚ್ಚಗಿದ್ದವು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿದ್ದುದು ಅವರಿಗೆ ಕಾಣುತ್ತಿಲ್ಲ ಎಂದುಕೊಂಡಿದ್ದೆ.

"ಅಲುಗಾಡಬೇಡ, ಅಳತೆ ತಪ್ಪುತ್ತೆ" ಎಂದರು.

ಅಲುಗಾಡದೆ ನಿಲ್ಲಲು ನೋಡಿದೆ. ಆಗಲಿಲ್ಲ. ಅವರು ಟೇಪು ಹಿಡಿದುಕೊಂಡು ಹಾಗೆಯೇ ಕಾದರು.